ಮುಂದಿನ ವಾರವೂ ಬರ್ತೀರಾ?

ದುಡ್ಡು ಕೊಟ್ಟು ಯೋಗ ಕಲಿಯಲಾರದವರಿಗೆ ತಮ್ಮ ಬಿಡುವಿನ ವೇಳೆಯಲ್ಲಿ ಉಚಿತವಾಗಿ ಹೇಳಿಕೊಡುತ್ತಿರುವವರು ಅನುಭವ, ಅನುಮಾನ ಏನಿದ್ದರೂ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಿಗೇ ಈ ಸಲದ ಅಂಕಣವನ್ನು ಪೂರ್ತಿ ಬಿಟ್ಟುಕೊಟ್ಟಿದ್ದೇನೆ. ನಾನು ಈ ಕೆಲಸಕ್ಕೆ ಇಳಿದು 17 ವರ್ಷವಾಯಿತು. ಕಟ್ಟಡ ಕಾರ್ಮಿಕರ ಶೆಡ್ಡು, ಹೆಂಗಸರ ಆಶ್ರಯಧಾಮ, ಜೈಲು ಎಲ್ಲ ಕಡೆ ಹೋಗಿದ್ದೇನೆ. ಕೆಳಗೆ ಹೇಳಿರುವುದರಲ್ಲಿ ಬಹುಪಾಲು ಮೊದಲು ತಪ್ಪು ಮಾಡಿ ಆಮೇಲೆ ತಿದ್ದಿಕೊಂಡಿದ್ದು.

ಪ್ರಶ್ನೆ: 200 ಗಂಟೆಯ ಶಿಕ್ಷಕರ ತರಬೇತಿ ಮುಗಿಸಿದ್ದೇನೆ. ಕಟ್ಟಡ ಕಾರ್ಮಿಕರ ಶೆಡ್ಡುಗಳಿರುವ ಕಡೆ ವಾರಕ್ಕೊಂದು ದಿನ ಹೇಳಿಕೊಡುತ್ತಿದ್ದೇನೆ. ಮೊದಲ ದಿನ 22 ಜನ ಬಂದಿದ್ದರು, ಈಗ ನಾಲ್ಕೇ ಜನ. ನನ್ನ ಪಾಠ ಚೆನ್ನಾಗಿಲ್ಲವೇ? ಅಥವಾ ಅವರಿಗೇ ಆಸಕ್ತಿ ಇಲ್ಲವೇ?
– ಹೊಸ ಶಿಕ್ಷಕಿ

ಎರಡೂ ಅಲ್ಲ ಅಂತ ನನಗನಿಸುತ್ತದೆ. ಯಾವ ಯಾವ ಆಸನ ಮಾಡಿಸಿದಿರಿ ಎಂದು ಎರಡು ಪುಟ ಬರೆದಿದ್ದೀರಿ. ತರಗತಿ ಎಷ್ಟು ಹೊತ್ತಿಗೆ, ಆ ಹೊತ್ತನ್ನು ಗೊತ್ತುಮಾಡಿದವರು ಯಾರು ಎಂದು ಬರೆದಿಲ್ಲ. ನಾನು ಮೊದಲು ಕೇಳುವುದು ಅದನ್ನೇ.

ನನ್ನ ಮೊದಲ ತರಗತಿಯೂ ಇಂಥದೇ ಶೆಡ್ಡುಗಳ ನಡುವೆ ಇತ್ತು. ಸಂಜೆ ಆರು ಗಂಟೆ ಅಂತ ನಾನೇ ಗೊತ್ತುಮಾಡಿದ್ದೆ. ನನ್ನ ಆಫೀಸು ಮುಗಿಯುವ ಹೊತ್ತು ಅದು. ಅಲ್ಲಿನ ಹೆಂಗಸರಿಗೆ ನೀರು ಹಿಡಿಯುವ, ಒಲೆ ಹಚ್ಚುವ, ಮಕ್ಕಳ ಮೈ ತೊಳೆಯುವ ಹೊತ್ತು. ಆದರೂ ಬರುತ್ತಿದ್ದರು. ಬಾಂಡ್ಲಿ ಹೊರುವ ಒಬ್ಬಾಕೆ ಪ್ರತಿ ಸಲ ಕೊನೇ ಸಾಲಿನಲ್ಲಿ ಬಾಗಿಲ ಹತ್ತಿರ, ಮಗುವನ್ನು ಪಕ್ಕದಲ್ಲೇ ಮಲಗಿಸಿಕೊಂಡು ಕೂರುತ್ತಿದ್ದಳು. ಎದ್ದು ಹೋಗುವಾಗ ಒಂದೇ ಮಾತು: "ಮುಂದಿನ ವಾರವೂ ಬರ್ತೀರಾ, ಮೇಡಂ?" "ಬರ್ತೀನಮ್ಮ" ಎನ್ನುತ್ತಿದ್ದೆ.

ಆರನೇ ವಾರ ಮನೆಗೆ ನೆಂಟರು ಬಂದರೆಂದು ಹೋಗಲಿಲ್ಲ. ಹೇಳಿ ಕಳಿಸಲೂ ಇಲ್ಲ. ಬಿಟ್ಟಿ ಪಾಠ ತಾನೇ, ಒಂದು ವಾರ ತಪ್ಪಿದರೆ ಏನು ಮಹಾ ಎಂದುಕೊಂಡೆ. ಏಳನೇ ವಾರ ಹೋದರೆ ಅವಳೊಬ್ಬಳೇ ಕೂತಿದ್ದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. "ಹೋದ ವಾರ ಮೇಸ್ತ್ರಿಗೆ ಹೇಳಿ ಒಂದು ಗಂಟೆ ಮೊದಲೇ ಇಳಿದು ಬಂದಿದ್ವಿ. ಕತ್ತಲಾಗೋವರೆಗೂ ಕೂತಿದ್ವಿ" ಎಂದಳು. ಬೇಗ ಇಳಿದ ಆ ಗಂಟೆಯ ಕೂಲಿಯನ್ನು ಮೇಸ್ತ್ರಿ ಮುರಿದುಕೊಂಡಿದ್ದ. ಬಿಟ್ಟಿ ಎಂದುಕೊಂಡಿದ್ದವಳು ನಾನು. ಅವರು ಅದಕ್ಕೆ ದುಡ್ಡು ತೆತ್ತಿದ್ದರು.

ನಿಮ್ಮ ಆ ನಾಲ್ಕು ಜನರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ತರಗತಿಯ ದಿನವನ್ನು ತಪ್ಪಿಸಬೇಡಿ, ಆದರೆ ಮುಂದಿನ ಎರಡು ವಾರ ಅಭ್ಯಾಸವನ್ನು ಅರ್ಧ ಗಂಟೆಗೇ ಮುಗಿಸಿ ಅವರ ಜೊತೆ ಕೂತು ಕೇಳಿ. ಯಾವ ಹೊತ್ತು ಅನುಕೂಲ? ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ಗಂಡಸರ ಎದುರಿಗೆ ಕೈಕಾಲು ಚಾಚಲು ಮುಜುಗರವೇ? ಬಿಟ್ಟುಹೋದ 18 ಜನರಲ್ಲಿ ಅರ್ಧದಷ್ಟು ಜನರ ಕಾರಣ ಈ ಮೂರರೊಳಗೇ ಸಿಗಬಹುದು. ನಮ್ಮ ಶೆಡ್ಡಿನಲ್ಲಿ ಕೊನೆಗೆ ಗೊತ್ತಾದ ಹೊತ್ತು ವಾರದ ರಜೆಯ ದಿನ, ಬೆಳಿಗ್ಗೆ ಬಟ್ಟೆ ಒಗೆದು ಹರವಿದ ಮೇಲೆ. ಅದು ನನಗೆ ತಾನಾಗಿ ಎಂದೂ ಹೊಳೆಯುತ್ತಿರಲಿಲ್ಲ.

ಇನ್ನೊಂದು ಮಾತು. ತರಬೇತಿಯಲ್ಲಿ ವಾರಕ್ಕೊಂದು ಹೊಸ ಪಾಠ ಸಿದ್ಧಮಾಡುವ ಅಭ್ಯಾಸ ನಿಮಗೆ ಆಗಿರುತ್ತದೆ. ಇಲ್ಲಿ ಅದನ್ನು ಬಿಡಿ. ಅದೇ ಏಳೆಂಟು ಚಲನೆ, ಅದೇ ಕ್ರಮ, ತಿಂಗಳುಗಟ್ಟಲೆ. ನಡುವೆ ಎರಡು ವಾರ ತಪ್ಪಿಸಿಕೊಂಡವರು ಮರಳಿ ಬಂದಾಗ ತಾವು ಹಿಂದೆ ಬಿದ್ದೆವು ಎಂದು ಅವರಿಗೆ ಅನಿಸಬಾರದು. ವಾರಕ್ಕೆ ಒಂದೇ ದಿನ ಸಾಕೇ ಎಂದೂ ನೀವು ಕೇಳಿದ್ದೀರಿ. ಅಮೆರಿಕದ ಬಾಸ್ಟನ್‌ನಲ್ಲಿ ಬಹುಪಾಲು ಕಡಿಮೆ ಆದಾಯದ, ಬಹುಕಾಲದ ಸೊಂಟನೋವಿನ 95 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಾರಕ್ಕೊಮ್ಮೆ, ಇನ್ನೊಂದಕ್ಕೆ ವಾರಕ್ಕೆರಡು ಸಲ, 12 ವಾರ ಯೋಗ ಕಲಿಸಿ ನೋಡಿದರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡೂ ಗುಂಪಿನಲ್ಲಿ ನೋವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿತ್ತು. ನಿಮ್ಮಿಂದ ವಾರಕ್ಕೆ ಒಂದೇ ದಿನ ಆಗುವುದಾದರೆ ಒಂದೇ ದಿನದ ಮಾತು ಕೊಡಿ, ಅದನ್ನು ಉಳಿಸಿಕೊಳ್ಳಿ.

ಪ್ರಶ್ನೆ: ನನ್ನ ಮಗಳು ಕೂಲಿ ಕೆಲಸದವರಿಗೆ ಯೋಗ ಹೇಳಿಕೊಡಲು ಹೋಗುತ್ತಾಳೆ. ದಿನವಿಡೀ ಮೈಮುರಿದು ದುಡಿಯುವವರಿಗೆ ವ್ಯಾಯಾಮ ಕಲಿಸುವುದರಲ್ಲಿ ಅರ್ಥವಿದೆಯೇ? ಅವರಿಗೆ ಬೇಕಿರುವುದು ವಿಶ್ರಾಂತಿಯಲ್ಲವೇ?
– ನಿವೃತ್ತ ನೌಕರ

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಋಣಿ. ಇದನ್ನು ಕೇಳಿಕೊಳ್ಳದೆ ಹೊರಡುವವರೇ ಹೆಚ್ಚು. ದುಡಿಯುವವರಿಗೆ 12 ಸುತ್ತು ಸೂರ್ಯ ನಮಸ್ಕಾರ ಮಾಡಿಸಿದರೆ ಅದು ಇನ್ನೊಂದು ಪಾಳಿ ಕೆಲಸವೇ ಸರಿ. ನಿಮ್ಮ ಮಗಳು ಹಾಗೆ ಮಾಡುತ್ತಿದ್ದರೆ ನಿಲ್ಲಿಸಲು ಹೇಳಿ.

ಆದರೆ ದುಡಿಮೆ ಮೈಯನ್ನು ಒಂದೇ ದಿಕ್ಕಿಗೆ ಬಗ್ಗಿಸುತ್ತದೆ. ಗಾರೆ ಕೆಲಸದವರ ಅಂಗೈ ನೋಡಿದ್ದೀರಾ? ಕರಣೆ ಹಿಡಿದು ಹಿಡಿದು ಬೆರಳುಗಳು ಅರ್ಧ ಮಡಚಿಕೊಂಡೇ ಇರುತ್ತವೆ, ಪೂರ್ತಿ ಬಿಚ್ಚುವುದಿಲ್ಲ. ನಾನು ಅಂಥ ಕಡೆ ಪಾಠ ಶುರುಮಾಡುವುದೇ ಕೈಯಿಂದ. ಅಂಗೈಯನ್ನು ನೆಲಕ್ಕಿಟ್ಟು ಒಂದೊಂದೇ ಬೆರಳನ್ನು ಅಗಲಿಸುವುದು, ಆಮೇಲೆ ಮಣಿಕಟ್ಟನ್ನು ನಿಧಾನವಾಗಿ ಸುತ್ತಿಸುವುದು. ಐದು ನಿಮಿಷ ಅಷ್ಟೇ. ಒಬ್ಬ ಹಿರಿಯರು ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿ, "ಈ ಕಿರುಬೆರಳು ನೆಲ ಮುಟ್ಟಿ ಎಷ್ಟು ದಿನ ಆಯ್ತೋ" ಎಂದಿದ್ದರು. ಅದಾದ ಮೇಲೆ ಅಂಗಾತ ಮಲಗಿ, ಮೀನಖಂಡವನ್ನು ಕುರ್ಚಿಯ ಮೇಲೋ ಮರಳಿನ ಚೀಲದ ಮೇಲೋ ಇಟ್ಟು, ಸೊಂಟ ಪೂರ್ತಿ ನೆಲಕ್ಕೆ ಒರಗುವಂತೆ ಹತ್ತು ನಿಮಿಷ. ಉಸಿರು ಬಿಡುವುದು ತೆಗೆದುಕೊಳ್ಳುವುದಕ್ಕಿಂತ ತುಸು ಉದ್ದ ಇರಲಿ. ನೀವು ಹೇಳುವ ವಿಶ್ರಾಂತಿ ಇದೇ. ಮಲಗಿದರೂ ಮೈ ಸಡಿಲವಾಗದವರಿಗೆ ಸಡಿಲ ಬಿಡುವುದನ್ನು ಕಲಿಸಬೇಕಾಗುತ್ತದೆ.

ಇದು ಬರೀ ನನ್ನ ಅನಿಸಿಕೆಯಲ್ಲ. ಮೇಲೆ ಹೇಳಿದ ಬಾಸ್ಟನ್ ತಂಡವೇ ಆಮೇಲೆ ಅಂಥದೇ 320 ಜನರ ಮೇಲೆ ಇನ್ನೂ ದೊಡ್ಡ ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿತು. ಸೊಂಟನೋವಿಗೆಂದೇ ಹೊಂದಿಸಿದ 12 ವಾರದ ಯೋಗ ಫಿಸಿಯೋಥೆರಪಿಗಿಂತ ಕಡಿಮೆಯೇನಲ್ಲ ಎಂದು ಅದರಲ್ಲಿ ಕಂಡುಬಂತು. ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಲಾಗದವರಿಗೆ ಇದು ಸಣ್ಣ ವಿಷಯವಲ್ಲ.

ನಿಮ್ಮ ಮಾತಿನಲ್ಲಿರುವ ಸತ್ಯವನ್ನೂ ನಾನು ತಳ್ಳಿಹಾಕುವುದಿಲ್ಲ. ಹೊರೆ ಅತಿಯಾಗಿ ಸೊಂಟ ನೋಯುತ್ತಿದ್ದರೆ ಇಳಿಸಬೇಕಾದದ್ದು ಹೊರೆಯನ್ನು. ಕುಡಿಯಲು ನೀರಿಲ್ಲದೆ, ಕೂರಲು ನೆರಳಿಲ್ಲದೆ ತಲೆನೋವು ಬಂದವರಿಗೆ ಪ್ರಾಣಾಯಾಮ ಹೇಳಿಕೊಟ್ಟು ಮನೆಗೆ ಬರಬಾರದು. ಅಂಥದ್ದು ಕಣ್ಣಿಗೆ ಬಿದ್ದರೆ ಕೆಲಸ ಕೊಟ್ಟವರ ಹತ್ತಿರ ಮಾತಾಡುವುದೂ ನಮ್ಮ ಕೆಲಸವೇ ಎಂದು ನಾನು ನಂಬಿದ್ದೇನೆ. ನಿಮ್ಮ ಮಗಳಿಗೂ ಹೇಳಿ.

ಪ್ರಶ್ನೆ: ಮ್ಯಾಟುಗಳನ್ನು ದಾನವಾಗಿ ಸಂಗ್ರಹಿಸಿದ ಮೇಲೆ ಶುರುಮಾಡೋಣವೆಂದು ಆರು ತಿಂಗಳಿಂದ ಕಾಯುತ್ತಿದ್ದೇವೆ.
– ಗೆಳತಿಯರ ಗುಂಪು

ಕಾಯಬೇಡಿ. ನಿಂತು ಮಾಡುವುದಕ್ಕೂ ಕುರ್ಚಿಯಲ್ಲಿ ಕೂತು ಮಾಡುವುದಕ್ಕೂ ಮ್ಯಾಟು ಬೇಕಿಲ್ಲ. ಮಲಗಲು ಹಾಸಿಗೆಯ ಹೊದಿಕೆ, ಮಂಡಿಯ ಕೆಳಗೆ ಮಡಚಿದ ಬಟ್ಟೆ ಸಾಕು. ನಮ್ಮ ಹೆಂಗಸರು ತಲೆಹೊರೆಗೆ ಇಟ್ಟುಕೊಳ್ಳುವ ಸಿಂಬಿಯನ್ನೇ ಕತ್ತಿನ ಕೆಳಗೆ ಇಟ್ಟುಕೊಂಡರು, ಅಂಗಡಿಯ ಯಾವ ದಿಂಬೂ ಅಷ್ಟು ಚೆನ್ನಾಗಿ ಕೂರಲಿಲ್ಲ. ಯೋಗಕ್ಕೆ ಕುರ್ಚಿ, ಹಗ್ಗ, ಇಟ್ಟಿಗೆ, ಬೆಲ್ಟುಗಳ ಆಸರೆಯನ್ನು ಜಗತ್ತಿಗೆಲ್ಲ ಪರಿಚಯಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು 1918ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿ, ಮಲೇರಿಯಾ, ಟೈಫಾಯ್ಡ್, ಕ್ಷಯದಿಂದ ನರಳಿ ಬೆಳೆದವರು. ಬಗ್ಗದ ಮೈ ಹೇಗಿರುತ್ತದೆಂದು ಅವರಿಗೆ ಸ್ವಂತ ಅನುಭವದಿಂದ ಗೊತ್ತಿತ್ತು.

ನೆಲ ಮಾತ್ರ ಒದ್ದೆಯಿರಬಾರದು, ಮೊಳೆ ಜಲ್ಲಿ ಇರಬಾರದು. ಒಂದು ಪೊರಕೆ ತೆಗೆದುಕೊಂಡು ಹೋಗಿ.

ಪ್ರಶ್ನೆ: ಹೆಂಗಸರ ಆಶ್ರಯಧಾಮದಲ್ಲಿ ಕಲಿಸುತ್ತೇನೆ. ಶವಾಸನದಲ್ಲಿ ಒಬ್ಬರು ಇದ್ದಕ್ಕಿದ್ದಂತೆ ಎದ್ದು ಅಳುತ್ತಾ ಹೊರಗೆ ಹೋದರು. ಹಿಂದೆ ಹೋಗಿ ಏನಾಯಿತೆಂದು ವಿಚಾರಿಸಿದೆ, ಅವರು ಮತ್ತೆ ಬರಲೇ ಇಲ್ಲ. ನನ್ನದೇನು ತಪ್ಪು?
– ಹೆಸರು ಬೇಡ

ನಿಮ್ಮ ಪತ್ರ ಓದಿ ನನಗೆ ನನ್ನದೇ ಒಂದು ಸಂಜೆ ನೆನಪಾಯಿತು. ಅಂಥದೇ ಜಾಗ. ಎಲ್ಲರನ್ನೂ ಮಲಗಿಸಿ, ಆರಾಮವಾಗಲಿ ಎಂದು ಬಾಗಿಲು ಹಾಕಿದೆ, ದೀಪ ಆರಿಸಿದೆ, ಕಣ್ಣು ಮುಚ್ಚಿ ಎಂದೆ. ಬರಿಗಾಲಲ್ಲಿ ಸಾಲುಗಳ ನಡುವೆ ನಡೆಯುತ್ತಾ ಒಬ್ಬೊಬ್ಬರ ಭುಜವನ್ನು ಮೆಲ್ಲಗೆ ಒತ್ತಿ ಸಡಿಲಿಸುತ್ತಾ ಬಂದೆ. ನಾನು ಕಲಿತ ಶಾಲೆಯಲ್ಲಿ ಹಾಗೇ ಮಾಡುತ್ತಿದ್ದರು, ನನಗದು ಬಹಳ ಹಿತವಾಗುತ್ತಿತ್ತು. ಮೂರನೆಯಾಕೆಯ ಭುಜ ಮುಟ್ಟಿದ್ದೇ ತಡ, ಆಕೆ ಎದ್ದು ಕೂತು, ಕೂತಲ್ಲೇ ಹಿಂದಕ್ಕೆ ಜರುಗುತ್ತಾ ಹೋಗಿ ಗೋಡೆಗೆ ಆತುಕೊಂಡಳು. ಬಾಯಿ ತೆರೆದಿತ್ತು, ದನಿ ಬರಲಿಲ್ಲ. ಅಲ್ಲಿನ ಸಿಬ್ಬಂದಿಯೊಬ್ಬರು ಓಡಿಬಂದು ದೀಪ ಹಾಕಿ, ಮುಟ್ಟದೆ, ಎರಡು ಮಾರು ದೂರದಲ್ಲಿ ಕೂತು ಆಕೆಯ ಹೆಸರು ಹಿಡಿದು ಕರೆದರು. ಇದು ಯಾವ ಜಾಗ, ಇವತ್ತು ಯಾವ ವಾರ, ಇಲ್ಲಿ ಯಾರಿದ್ದಾರೆ ಎಂದು ಮೆಲ್ಲಗೆ ಹೇಳುತ್ತಾ ಹೋದರು. ಕತ್ತಲೆ, ಮುಚ್ಚಿದ ಬಾಗಿಲು, ಬೆನ್ನ ಹಿಂದೆ ಹೆಜ್ಜೆ ಸಪ್ಪಳ, ಕೇಳದೆ ಮುಟ್ಟುವ ಕೈ. ಆಕೆ ಯಾವುದರಿಂದ ತಪ್ಪಿಸಿಕೊಂಡು ಬಂದಿದ್ದಳೋ ಅದನ್ನೇ ನಾನು ಒಂದೊಂದಾಗಿ ಜೋಡಿಸಿಟ್ಟಿದ್ದೆ.

ಅಂದಿನಿಂದ ಅಂಥ ಕಡೆ ದೀಪ ಉರಿಯುತ್ತಲೇ ಇರುತ್ತದೆ. ಬಾಗಿಲು ಯಾರಿಗೂ ಅಡ್ಡಿಯಿಲ್ಲದೆ ತೆರೆಯುವಂತಿರುತ್ತದೆ. ನಾನು ಒಂದೇ ಕಡೆ, ಎಲ್ಲರಿಗೂ ಕಾಣುವಂತೆ ಕೂರುತ್ತೇನೆ. ಎದ್ದು ಹೋಗಬೇಕಾದರೆ "ಕಿಟಕಿ ಹಾಕಲು ಏಳುತ್ತಿದ್ದೇನೆ" ಎಂದು ಹೇಳಿಯೇ ಏಳುತ್ತೇನೆ. ಯಾರನ್ನೂ ಮುಟ್ಟಿ ತಿದ್ದುವುದಿಲ್ಲ. ಕಾಲು ಅರ್ಧ ಗೇಣು ಆಚೀಚೆಯಾದರೆ ಪ್ರಪಂಚವೇನೂ ಮುಳುಗುವುದಿಲ್ಲ. ಬೆಲ್ಟು, ಹಗ್ಗ ಒಳಗೇ ತರುವುದಿಲ್ಲ, ಕಟ್ಟುವ ವಸ್ತು ಕಂಡರೇ ಬೆಚ್ಚುವವರಿದ್ದಾರೆ. ಶವಾಸನವನ್ನು ಕೂತು ಮಾಡಬಹುದು, ಕಣ್ಣು ತೆರೆದೇ ಮಾಡಬಹುದು, ಬಿಡಲೂಬಹುದು. ನನ್ನ ಬಾಯಲ್ಲಿ "ಮಾಡಿ" ಎನ್ನುವ ಜಾಗದಲ್ಲಿ "ಬೇಕೆನಿಸಿದರೆ" ಎಂಬ ಮಾತು ಬರಲು ಒಂದು ವರ್ಷ ಹಿಡಿಯಿತು. "ಕೈ ಇಷ್ಟೇ ಎತ್ತಬಹುದು, ಇನ್ನೂ ಮೇಲೆ ಎತ್ತಬಹುದು, ಯಾವುದು ಸರಿ ಅನ್ನೋದನ್ನ ನಿಮ್ಮ ಭುಜವೇ ಹೇಳುತ್ತೆ." ಹೀಗೆ. ತನ್ನ ಮೈಗೆ ಬೇಕು ಬೇಡ ಹೇಳುವ ಹಕ್ಕನ್ನೇ ಕಳೆದುಕೊಂಡಿದ್ದವರಿಗೆ ಮೊದಲು ಮರಳಿ ಸಿಗಬೇಕಾದದ್ದು ಅದು. ಆಸನ ಆಮೇಲೆ.

ಅಮೆರಿಕದ ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕ್ ಮತ್ತು ಜೊತೆಯವರು ಇದೇ ರೀತಿಯ ಯೋಗವನ್ನು, ಎಷ್ಟು ಚಿಕಿತ್ಸೆ ಕೊಟ್ಟರೂ ಆಘಾತದ ನೆನಪುಗಳಿಂದ ಹೊರಬರಲಾಗದ 64 ಹೆಂಗಸರ ಮೇಲೆ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ವಾರಕ್ಕೊಂದು ಗಂಟೆಯಂತೆ ಹತ್ತು ವಾರ. ಕೊನೆಗೆ ಯೋಗದ ಗುಂಪಿನ 31 ಜನರಲ್ಲಿ 16 ಜನಕ್ಕೆ ಆಘಾತದ ಆ ಕಾಯಿಲೆ (ಪಿ.ಟಿ.ಎಸ್.ಡಿ.) ಇದೆ ಎನ್ನುವಷ್ಟು ಲಕ್ಷಣ ಉಳಿದಿರಲಿಲ್ಲ. ಬರೀ ಆರೋಗ್ಯ ಶಿಕ್ಷಣ ಪಡೆದ ಇನ್ನೊಂದು ಗುಂಪಿನ 29 ಜನರಲ್ಲಿ ಹಾಗಾದದ್ದು ಆರು ಜನಕ್ಕೆ. ನೆನಪಿಡಿ, ಆ ಹೆಂಗಸರಿಗೆ ಬೇರೆ ಚಿಕಿತ್ಸೆಯೂ ನಡೆದೇ ಇತ್ತು. ನಾವು ಮನೋವೈದ್ಯರ ಜಾಗದಲ್ಲಿ ಕೂರಲಾಗದು.

ನಿಮ್ಮ ತಪ್ಪೇನೆಂದು ಕೇಳಿದ್ದೀರಿ. ಅಳು ಬಂದದ್ದು ನಿಮ್ಮ ತಪ್ಪಲ್ಲ. ಹಿಂದೆ ಹೋಗಿ ಕಾರಣ ಕೇಳಿದ್ದು ಬೇಡವಾಗಿತ್ತು. ಅವರ ಕಥೆ ನಮಗೆ ಬೇಕಿಲ್ಲ, ಅದನ್ನು ಕೇಳುವ ಅಧಿಕಾರವೂ ನಮಗಿಲ್ಲ. ಅಲ್ಲಿನ ಆಪ್ತಸಮಾಲೋಚಕರಿಗೆ ತಿಳಿಸಿ, ಅವರ ಮೂಲಕ ಒಂದೇ ಮಾತು ಮುಟ್ಟಿಸಿ: ಬಂದು ಬಾಗಿಲ ಹತ್ತಿರ ಸುಮ್ಮನೆ ಕೂತಿದ್ದರೂ ಸಾಕು, ಯಾರೂ ಏನೂ ಕೇಳುವುದಿಲ್ಲ.

ಪ್ರಶ್ನೆ: ಜೈಲಿನಲ್ಲಿ ಕಲಿಸಬೇಕೆಂಬ ಆಸೆ. ಎಲ್ಲಿಂದ ಶುರುಮಾಡಲಿ?
– ಯುವ ಶಿಕ್ಷಕ

ಅಧಿಕಾರಿಗಳ ಲಿಖಿತ ಅನುಮತಿಯಿಂದ. ಆಮೇಲೆ ತಾಳ್ಮೆಯಿಂದ. ಅರ್ಧ ದಿನ ಕಾದು, ಒಳಗೆ ಏನೋ ಗಲಾಟೆ ಎಂದು ವಾಪಸು ಬಂದದ್ದು ನನಗೆ ಎಷ್ಟೋ ಸಲ ಆಗಿದೆ. ಒಬ್ಬರೇ ಹೋಗಬೇಡಿ, ಮೊದಲೇ ಅಲ್ಲಿ ಕಲಿಸುತ್ತಿರುವವರ ಜೊತೆ ಹೋಗಿ. ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಜೇಮ್ಸ್ ಫಾಕ್ಸ್ 2002ರಲ್ಲಿ ಶುರುಮಾಡಿದ ತರಗತಿ ಬೆಳೆದು ಬೇರೆ ದೇಶಗಳ ಜೈಲುಗಳಿಗೂ ಶಿಕ್ಷಕರನ್ನು ತಯಾರುಮಾಡುವ ಸಂಸ್ಥೆಯಾಯಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಬ್ರಿಟನ್ನಿನ ಏಳು ಜೈಲುಗಳಲ್ಲಿ ಹತ್ತು ವಾರದ ತರಗತಿ ನಡೆಸಿ 2013ರಲ್ಲಿ ವರದಿ ಮಾಡಿದರು: ಯೋಗ ಮಾಡಿದವರ ಮನಸ್ಸಿನ ಬೇಗುದಿ ಇಳಿದಿತ್ತು, ದುಡುಕುವ ಮೊದಲು ತಡೆಯುವ ಪರೀಕ್ಷೆಯಲ್ಲಿ ಅವರು ಮುಂದಿದ್ದರು. ಯಾರು ಏನು ಮಾಡಿ ಒಳಗೆ ಬಂದಿದ್ದಾರೆಂದು ಕೇಳಬೇಡಿ. ನಾನು 17 ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ.

ಪ್ರಶ್ನೆ: ಬೇರೆ ಬೇರೆ ಧರ್ಮದವರು ಬರುತ್ತಾರೆ. ಓಂಕಾರ, ಶ್ಲೋಕ ಹೇಳಿಸಬಹುದೇ? ಬಿಟ್ಟರೆ ಯೋಗಕ್ಕೆ ಅಪಚಾರವಾಗದೇ?
– ಹಿರಿಯ ಓದುಗ

ನಾನು ದಿನವೂ ಮನೆಯಲ್ಲಿ ಓಂಕಾರದಿಂದಲೇ ಶುರುಮಾಡುವವಳು. ಅಲ್ಲಿ ಹೇಳಿಸುವುದಿಲ್ಲ. ನಮ್ಮ ಮಾತಿಗೆ ಎದುರಾಡಲು ಹಿಂಜರಿಯುವವರ ಹತ್ತಿರ ಇದನ್ನು ಹೇಳಿಸಿದರೆ, ಅವರು ಒಪ್ಪಿ ಹೇಳಿದರೋ ಮುಲಾಜಿಗೆ ಹೇಳಿದರೋ ನಮಗೆ ಗೊತ್ತಾಗುವುದಿಲ್ಲ. ಉಸಿರು ಬಿಡುವಾಗ "ಮ್" ಎಂದು ಗುಂಯ್‌ಗುಡುವುದು ಎಲ್ಲರಿಗೂ ಆಗುತ್ತದೆ. ಅಪಚಾರದ ಭಯ ಬೇಡ. ಯೋಗಸೂತ್ರ ಬರೆದ ಪತಂಜಲಿ ಆಸನದ ಬಗ್ಗೆ ಹೇಳಿರುವುದು ಮೂರೇ ಸೂತ್ರ. ಅದರಲ್ಲಿ ಮೊದಲನೆಯದು ಕೇಳುವುದು ಸ್ಥಿರವಾಗಿ, ಸುಖವಾಗಿ ಇರುವುದನ್ನು. ಸಂಕೋಚದಲ್ಲಿ ಕೂತವರು ಸುಖವಾಗಿ ಕೂತಿರುವುದಿಲ್ಲ. ವಿಶ್ವಸಂಸ್ಥೆಯಲ್ಲಿ 2014ರ ಡಿಸೆಂಬರ್ 11ರಂದು ಯೋಗ ದಿನದ ನಿರ್ಣಯಕ್ಕೆ 177 ದೇಶಗಳು ಜೊತೆಯಾದವು. ಅಷ್ಟೂ ದೇಶದವರ ನಂಬಿಕೆ ಒಂದೇ ಅಲ್ಲವಲ್ಲ.

ಪ್ರಶ್ನೆ: ಬಿ.ಪಿ. ಇರುವವರು, ಗರ್ಭಿಣಿಯರು ಬಂದರೆ ಕಳಿಸಿಬಿಡಲೇ?
– ಆರೋಗ್ಯ ಕಾರ್ಯಕರ್ತೆ

ಕಳಿಸಬೇಡಿ, ಆದರೆ ಕೇಳದೆ ಶುರುಮಾಡಬೇಡಿ. ಎಲ್ಲರೆದುರು ಕೂಗಿ ಕೇಳುವುದೂ ಬೇಡ, ಬಂದವರನ್ನು ಒಬ್ಬೊಬ್ಬರಾಗಿ ಮಾತಾಡಿಸಿ. ಬಿ.ಪಿ. ಇದ್ದವರಿಗೆ ಉಸಿರು ಕಟ್ಟಿ ನಿಲ್ಲಿಸುವುದು, ಹೊಟ್ಟೆ ಒಳಗೆಳೆದು ಉಸಿರನ್ನು ರಭಸದಿಂದ ಹೊರದೂಡುವ ಕಪಾಲಭಾತಿ, ತಲೆಕೆಳಗಿನ ಆಸನ ಬೇಡ. ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದವರಂತೂ ತಲೆ ಕೆಳಗೆ ಮಾಡಲೇಬಾರದು, ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ಗರ್ಭಿಣಿಯರು ಬೋರಲು ಮಲಗುವುದು, ಹೊಟ್ಟೆ ಹಿಂಡುವ ತಿರುವು ಬೇಡ, ಐದು ತಿಂಗಳು ದಾಟಿದವರು ಅಂಗಾತ ಮಲಗುವ ಬದಲು ಎಡಮಗ್ಗುಲಾಗಲಿ. ಮೂಳೆ ಸವೆದ ವಯಸ್ಸಾದವರನ್ನು ಬೆನ್ನು ಗುಂಡಗೆ ಮಾಡಿ ಮುಂದಕ್ಕೆ ಬಗ್ಗಿಸಬೇಡಿ. ಮಾತ್ರೆ ಬಿಡಿ ಎಂದು ಯಾರಿಗೂ, ಯಾವ ಕಾರಣಕ್ಕೂ ಹೇಳಬೇಡಿ. ನೀವು ಹೇಳದಿದ್ದರೂ ಕೆಲವರು ಬಿಡುತ್ತಾರೆ, ಹಾಗಾಗಿ ವಾರವಾರ ಕೇಳುತ್ತಿರಿ.

ಪ್ರಶ್ನೆ: ದಾನಿಗಳಿಗೆ ತೋರಿಸಲು ತರಗತಿಯ ಫೋಟೋ ಹಾಕಬಹುದೇ?
– ಸ್ವಯಂಸೇವಕ

ಮುಖ ಕಾಣುವ ಫೋಟೋ ಬೇಡ. ಆಶ್ರಯಧಾಮದಲ್ಲಿ ಅದು ಜೀವಕ್ಕೇ ಅಪಾಯ, ಯಾರು ಯಾರನ್ನು ಹುಡುಕುತ್ತಿದ್ದಾರೋ ನಮಗೇನು ಗೊತ್ತು. ಬೇರೆ ಕಡೆಯೂ ಒಪ್ಪಿಗೆ ಕೇಳಿದರೆ "ಆಯ್ತು" ಎಂದೇ ಎನ್ನುತ್ತಾರೆ, ಕೇಳುತ್ತಿರುವುದು ಪಾಠ ಹೇಳುವ ಮೇಡಂ ಅಲ್ಲವೇ. ದಾನಿಗಳಿಗೆ ಹಾಜರಿ ಪುಸ್ತಕದ ಲೆಕ್ಕ ಕೊಡಿ.

ಪ್ರಶ್ನೆ: ಮೂರು ವರ್ಷ ಕಲಿಸಿದೆ. ಈಗ ವರ್ಗವಾಗಿದೆ, ಬಿಟ್ಟು ಹೋಗಬೇಕು. ಹೇಗೆ ಹೇಳಲಿ ಎಂದೇ ತಿಳಿಯುತ್ತಿಲ್ಲ.
– ಬ್ಯಾಂಕ್ ಉದ್ಯೋಗಿ

ಇವತ್ತೇ ಹೇಳಿ. ಕೊನೇ ದಿನ ಹೇಳಿ ಹೊರಟುಬಿಡಬೇಡಿ. ಕಡೇ ಪಕ್ಷ ನಾಲ್ಕು ವಾರದ ಮುಂಚೆ, ಯಾವ ದಿನ ಕೊನೆಯದು ಎಂದು ಬಾಯಿಬಿಟ್ಟು ಹೇಳಿ. ಪ್ರತಿ ವಾರವೂ "ಇನ್ನು ಮೂರು ಸಲ", "ಇನ್ನು ಎರಡು ಸಲ" ಎಂದು ನೆನಪಿಸಿ. ಹೇಳದೆ ಬಿಟ್ಟುಹೋದವರನ್ನು ಇವರು ಬದುಕಿನಲ್ಲಿ ಸಾಕಷ್ಟು ನೋಡಿದ್ದಾರೆ.

ಆ ನಾಲ್ಕು ವಾರದಲ್ಲಿ ಒಳಗಿನವರೇ ಒಬ್ಬರನ್ನು ಮುಂದೆ ಕೂರಿಸಿ. ಚೆನ್ನಾಗಿ ಬಾಗುವವರನ್ನು ಹುಡುಕಬೇಡಿ, ತಪ್ಪದೆ ಬರುವವರನ್ನು ಹುಡುಕಿ. ಮೊದಲ ವಾರ ಅವರು ಕೈಯ ಪಾಠ ಮಾತ್ರ ಹೇಳಿಕೊಡಲಿ, ಮುಂದಿನ ವಾರ ಕುತ್ತಿಗೆಯದ್ದೂ ಸೇರಲಿ, ಕೊನೆಯ ವಾರ ಪೂರ್ತಿ ಅವರದೇ. ನಿಮ್ಮ ಪದಗಳನ್ನೇ ಬಳಸಲಿ ಎಂದು ಹಟ ಹಿಡಿಯಬೇಡಿ.

ನಮ್ಮ ಶೆಡ್ಡಿನಲ್ಲಿ ಹೀಗೆ ಮುಂದೆ ಬಂದದ್ದು ಆ ಬಾಂಡ್ಲಿ ಹೊರುತ್ತಿದ್ದಾಕೆ. "ಮೀನಖಂಡ ಕುರ್ಚಿಯ ಮೇಲೆ" ಎಂದು ನಾನು ಎರಡು ವರ್ಷ ಹೇಳಿದ್ದನ್ನು ಅವಳು "ಕಾಲು ಎತ್ತಿಟ್ಟು ಸೊಂಟಾನ ನೆಲಕ್ಕೆ ಬಿಟ್ಟುಬಿಡ್ರೇ, ಅದು ಎಲ್ಲೂ ಓಡಿಹೋಗಲ್ಲ" ಎಂದಳು. ಎಲ್ಲರ ಸೊಂಟವೂ ಒಟ್ಟಿಗೆ ನೆಲಕ್ಕಿಳಿದದ್ದು ನನಗೆ ಕಂಡಿತು. ನಾನು ಕೊನೇ ಸಾಲಿನಲ್ಲಿ, ಬಾಗಿಲ ಹತ್ತಿರ, ಅವಳ ಮಗುವಿನ ಪಕ್ಕ ಮಲಗಿದ್ದೆ. ಮುಗಿದ ಮೇಲೆ ಹೆಂಗಸರೆಲ್ಲ ಹೊದಿಕೆ ಮಡಚುತ್ತಾ ಅವಳನ್ನು ಕೇಳಿದರು, ಮುಂದಿನ ವಾರ ಎಷ್ಟೊತ್ತಿಗೆ ಎಂದು.